ಹಿಮದಲ್ಲಿಟ್ಟ ಮದ್ದು

ಉಮ್ಸುನಾಯ್ ಎಜೆ ಅತ್ತಿದ್ದು ನಾನು ನೋಡಿದ್ದೇ ಒಂದು ಸಲ. ಅದೂ ತನಗೆ ಸಕ್ಕರೆ ಕಾಯಿಲೆ ಬಂದಿದೆ ಎಂದಲ್ಲ, ಈ ಬೇಸಿಗೆ ಕುದುರೆಗಳ ಜೊತೆ ಮೇಲೆ ಹೋಗಬೇಡ ಎಂದು ಡಾಕ್ಟರ್ ಹೇಳಿದಾಗ!

ಎಜೆ ನನ್ನ ಅಪ್ಪನ ಅಕ್ಕ; ಹಿರಿಯ ಹೆಂಗಸರನ್ನು ನಾವು ಎಜೆ ಅನ್ನುತ್ತೇವೆ. ಮೇ ತಿಂಗಳು ಬಂತೆಂದರೆ ಕುಬಾತ್ ಮಾವನೂ ಅವಳೂ ಕುದುರೆಗಳನ್ನು ಹೊಡೆದುಕೊಂಡು ಕಣಿವೆ ದಾಟಿ ಸೂಸಮೀರಿನ ಹುಲ್ಲುಗಾವಲಿಗೆ ಹೋಗುತ್ತಾರೆ, ಉಣ್ಣೆಯ ಡೇರೆ ಹಾಕುತ್ತಾರೆ, ಚಳಿ ಶುರುವಾಗುವ ತನಕ ಹಾಲು ಕರೆದು ಕುಮಿಸ್ ಮಾಡುತ್ತಾರೆ. ಹೆಣ್ಣುಕುದುರೆಯ ಹಾಲನ್ನು ಆಡಿನ ತೊಗಲಿನ ಚೀಲದಲ್ಲಿ ಹುಳಿ ಬರಿಸಿ ಕಡೆದು ಮಾಡುವ ಕುಮಿಸ್ ನಮ್ಮವರಿಗೆ ಊಟ, ಪಾನಕ, ಔಷಧಿ, ಹರಟೆ ಎಲ್ಲವೂ. ಎಜೆ ಮಾಡಿದ ಕುಮಿಸ್ ಕುಡಿಯಲು ರಾಜಧಾನಿಯಿಂದ ಜನ ಕಾರು ಮಾಡಿಕೊಂಡು ಬರುತ್ತಾರೆ. ಕೆಮ್ಮಿನವರು, ಹೊಟ್ಟೆನೋವಿನವರು, ಏನೂ ಇಲ್ಲದೆ ಸುಮ್ಮನೆ ಹೆಂಡತಿಯಿಂದ ತಪ್ಪಿಸಿಕೊಂಡು ಬಂದವರು!

ಆ ವರ್ಷದ ವಸಂತದಲ್ಲಿ ಅವಳಿಗೆ ವಿಪರೀತ ಬಾಯಾರಿಕೆ. ಕೆಟಲಿನಲ್ಲಿದ್ದ ಚಹಾ ಮುಗಿಸಿ, ಮೇಲಿಂದ ನೀರು ಕುಡಿದು, ಮತ್ತೆ ಕೆಟಲು ಇಡುತ್ತಿದ್ದಳು. ಕೆನ್ನೆ ಒಳಕ್ಕೆ ಹೋಯಿತು, ನಿಲುವಂಗಿ ಮೈಮೇಲೆ ಜೋಲಾಡತೊಡಗಿತು.

"ಮುದುಕಿ, ನಿನ್ನ ಕಂಡ್ರೆ ಬಾವಿಗೂ ಭಯ ಆಗ್ತಿದೆ. ನಡಿ ಆಸ್ಪತ್ರೆಗೆ," ಎಂದು ಮಾವನೇ ಕರೆದುಕೊಂಡು ಹೋದ.

ಆಸ್ಪತ್ರೆಯಲ್ಲಿ ನೂರಿಪಾ ಎಂಬ ಡಾಕ್ಟರ್, ನನಗಿಂತ ಸ್ವಲ್ಪ ದೊಡ್ಡವಳು ಅಷ್ಟೆ, ಮೊದಲು ಮಾತ್ರೆ ಕೊಟ್ಟು ನೋಡಿದಳು. ಸಕ್ಕರೆ ಜಗ್ಗಲಿಲ್ಲ. ಕೊನೆಗೆ ಇನ್ಸುಲಿನ್ ಪೆನ್ನು ಮೇಜಿನ ಮೇಲೆ ಬಂತು. ಊಟಕ್ಕೆ ಮುಂಚೆ ಒಂದು ಬಗೆಯದು, ಮಲಗುವ ಮುಂಚೆ ಇನ್ನೊಂದು. ಮಾವ ಸೂಜಿ ನೋಡಿ ಗೋಡೆಯ ಕಡೆ ತಿರುಗಿ ನಿಂತುಬಿಟ್ಟ. ಎಜೆ ಮಾತ್ರ ಪೆನ್ನನ್ನು ಬೆಳಕಿಗೆ ಹಿಡಿದು ನೋಡಿ ನಕ್ಕಳು.

"ಇಷ್ಟೇನಾ? ಜೀವನವೆಲ್ಲ ಕುರಿಗೆ, ಕುದುರೆಗೆ ಸೂಜಿ ಹಾಕಿದೀನಿ ಮಗಳೇ. ಇದು ಸೊಳ್ಳೆ."

"ಕುರಿಗೆ ಹಾಕಿದ ಹಾಗೆ ಹಾಕ್ಕೋಬೇಡಿ ಅಪಾ. ಒಂದೇ ಜಾಗಕ್ಕೆ ದಿನಾ ಚುಚ್ಚಬಾರದು. ಚುಚ್ಚಿದ ಮೇಲೆ ಊಟ ತಪ್ಪಿಸಬಾರದು. ಬೆವರು ಬಂದು ಕೈ ನಡುಗಿದ್ರೆ ಸಕ್ಕರೆ ಕಡಿಮೆಯಾಗಿದೆ ಅಂತ ಅರ್ಥ, ತಕ್ಷಣ ಸಕ್ಕರೆ ತಿನ್ನಿ, ಜೇಬಲ್ಲಿ ಯಾವಾಗ್ಲೂ ಇಟ್ಟಿರಿ. ಮದ್ದಿಗೆ ಬಿಸಿಲು ತಾಗಬಾರದು, ತಣ್ಣಗಿಡಿ."

ಗೌರವದಿಂದ ‘ಅಪಾ’ ಎಂದು ಕರೆಯುತ್ತ ಡಾಕ್ಟರ್ ಹೇಳಿದ ಎಲ್ಲದಕ್ಕೂ ಎಜೆ ತಲೆಯಾಡಿಸಿದಳು. ಕಲಿಯುವುದೆಂದರೆ ಅವಳಿಗೆ ಇಷ್ಟ. ಅಲ್ಲೇ, ಡಾಕ್ಟರ ಕಣ್ಣೆದುರೇ, ಹೊಟ್ಟೆಯ ಮಡಿಕೆ ಹಿಡಿದು ತಾನೇ ಚುಚ್ಚಿಕೊಂಡಳು, ಮುಖ ಕೂಡ ಕಿವುಚಲಿಲ್ಲ.

"ಶಭಾಷ್ ಅಪಾ. ಆದ್ರೆ ಈ ವರ್ಷ ಮೇಲೆ ಹೋಗೋದು ಬೇಡ."

"ಯಾಕೆ?"

"ಅಲ್ಲಿ ಫ್ರಿಜ್ ಇಲ್ಲ, ಕರೆಂಟ್ ಇಲ್ಲ, ಫೋನ್ ಸಿಗಲ್ಲ."

"ಫೋನ್ ಸಿಗುತ್ತೆ, ಗುಡ್ಡ ಹತ್ತಿದ್ರೆ."

"ಗುಡ್ಡ ಹತ್ತೋಕೆ ಆಗದೇ ಇದ್ದಾಗ್ಲೇ ಅಲ್ವಾ ಫೋನ್ ಬೇಕಾಗೋದು?"

"ನಿನಗೆ ಮದುವೆ ಆಗಿದೆಯಾ?" ಎಂದು ಎಜೆ ಮಾತು ತಿರುಗಿಸಿದಳು. ಆಗಲೇ ಅವಳ ಕಣ್ಣಲ್ಲಿ ನೀರು ಬಂದದ್ದು.

ಯಾಕೆಂದರೆ ಹಾಲು ಕರೆಯುವುದು ಹೆಂಗಸರ ಕೆಲಸ, ಅವಳು ಮೇಲೆ ಹೋಗದಿದ್ದರೆ ಕುದುರೆಗಳು ಸಾಲ್ಕಿನ್ ಪಾಲು. ಸಾಲ್ಕಿನ್ ಅಂದರೆ ಪಕ್ಕದ ಡೇರೆಯವಳು, ಎಜೆಯ ವಾರಗೆಯವಳು, ಮದುವೆಯಾಗಿ ಬಂದಾಗಿನಿಂದ ಗೆಳತಿ, ಅಷ್ಟೇ ದಿನದಿಂದ ಪೈಪೋಟಿ. ಎಜೆಯ ಬಿಳಿ ಕುದುರೆಯ ಮೇಲೆ ಅವಳಿಗೆ ಬಹಳ ಕಾಲದಿಂದ ಕಣ್ಣು. ಹೆಣ್ಣುಕುದುರೆ ಹಸುವಲ್ಲ. ಯಾರ ಕೈಗೆ ಒಂದು ಬೇಸಿಗೆ ಪಳಗಿತೋ ಅವರ ಕೈಗೇ ಹಾಲು ಬಿಡುತ್ತದೆ, ಮುಂದಿನ ವರ್ಷ ಹಳೆಯ ಒಡತಿ ಬಂದು ಕೂತರೆ ಒದೆಯುತ್ತದೆ. ಒಂದು ಬೇಸಿಗೆ ಬಿಟ್ಟರೆ ಕುದುರೆಗಳನ್ನೇ ಬಿಟ್ಟ ಹಾಗೆ.

ನೂರಿಪಾ ಕೊನೆಗೆ ಒಂದು ಒಪ್ಪಂದಕ್ಕೆ ಬಂದಳು. ಕಾಲೇಜಿಗೆ ರಜೆ ಇರುವ ನಾನು ಜೊತೆಗೆ ಹೋಗಬೇಕು. ಬೆರಳು ಚುಚ್ಚಿ ಸಕ್ಕರೆ ನೋಡುವ ಮೀಟರಿನಲ್ಲಿ ಬಂದದ್ದನ್ನು ಗುಡ್ಡ ಹತ್ತಿ ಫೋನಿನಲ್ಲಿ ಹೇಳಬೇಕು. ಸಕ್ಕರೆ ಹತೋಟಿಗೆ ಬರದಿದ್ದರೆ ಮರುಮಾತಿಲ್ಲದೆ ಕೆಳಗಿಳಿಯಬೇಕು, ಕುದುರೆಗಳನ್ನು ಸಾಲ್ಕಿನ್‌ಗೆ ಕೊಡಬೇಕು. ಎಜೆ ಒಪ್ಪಿದಳು. ಸಾಲ್ಕಿನ್ ಅಂತೂ ಸಂತೋಷದಿಂದಲೇ ಒಪ್ಪಿದಳು!

ಮೇಲೆ ಬಂದ ಮೇಲೆ ನೋಡಬೇಕಿತ್ತು ನಮ್ಮ ಎಜೆಯನ್ನು! ಕುಮಿಸ್ ಕುಡಿಯಲು ಬಂದವರೆಲ್ಲ ಸುತ್ತ ಕೂತಿರುವಾಗ, ಬಟ್ಟಲುಗಳ ನಡುವೆ, ಪೆನ್ನು ತೆಗೆದು ಡೋಸಿನ ಗೆರೆಗೆ ತಿರುಪು ತಿರುಗಿಸಿ ಟಕ್ ಎಂದು ಚುಚ್ಚಿಕೊಳ್ಳುವಳು. ಸಾಲ್ಕಿನ್ ಬಿಡುತ್ತಾಳೆಯೇ?

"ನೋಡ್ರಪ್ಪಾ, ಊರಿಗೆಲ್ಲ ಮದ್ದು ಕೊಡೋಳು ತಾನೇ ಸೂಜಿ ಚುಚ್ಕೋತಾಳೆ!"

"ಕುಮಿಸ್ ಎದೆಗೆ ಮದ್ದು, ಸಕ್ಕರೆಗೆ ಇದು ಮದ್ದು. ಕತ್ತೆಗೂ ಕುದುರೆಗೂ ಒಂದೇ ಜೀನು ಹಾಕ್ತೀಯೇನೆ ನೀನು?"

"ನಾನು ಬೆಟ್ಟದ ಅಳಿಲಿನ ಕೊಬ್ಬು ಕೊಡ್ತೀನಿ ಅಂದೆ. ನನ್ನ ಮಾವನಿಗೆ ಕೊಟ್ಟಿದ್ದೆ."

"ನಿನ್ನ ಮಾವ ಸತ್ತು ಯಾವ ಕಾಲ ಆಯ್ತು!"

"ಸಕ್ಕರೆಯಿಂದ ಸಾಯಲಿಲ್ವಲ್ಲ, ಕುದುರೆ ಮೇಲಿಂದ ಬಿದ್ದು ಸತ್ರು."

ಕುಮಿಸ್‌ಗೆ ಬಂದವರು ನಕ್ಕು ಬಟ್ಟಲು ಚೆಲ್ಲಿಕೊಂಡರು. ಒಬ್ಬ ಹೆಂಗಸು ಹೋಗುವಾಗ ಎಜೆಯನ್ನು ಪಕ್ಕಕ್ಕೆ ಕರೆದು ತನಗೂ ಇದೇ ಕಾಯಿಲೆ ಇದೆ, ಸೊಸೆಗೆ ಕೂಡ ಹೇಳಿಲ್ಲ ಎಂದು ಪಿಸುಗುಟ್ಟಿದಳು. ಎಜೆ ಜೋರಾಗಿಯೇ "ಹೇಳಮ್ಮಾ, ಕದ್ದ ಕುರೀನಾ ಮುಚ್ಚಿಡೋಕೆ?" ಎಂದುಬಿಟ್ಟಳು!

ಮದ್ದನ್ನು ತಣ್ಣಗಿಡಬೇಕಲ್ಲ. ಅದಕ್ಕೆ ಎಜೆ ಯೋಚನೆಯನ್ನೇ ಮಾಡಲಿಲ್ಲ. ನಮ್ಮ ಡೇರೆಯ ಹಿಂದೆ ಒಂದು ಕೊರಕಲಿದೆ, ಬಿಸಿಲು ಬೀಳದ ಜಾಗ, ಅಲ್ಲಿ ಚಳಿಗಾಲದ ಹಿಮ ನಡುಬೇಸಿಗೆಯವರೆಗೂ ಕರಗದೆ ಕೂತಿರುತ್ತದೆ. ಮಾಂಸ ಅಲ್ಲೇ, ಬೆಣ್ಣೆ ಅಲ್ಲೇ, ಅವಳ ಅಜ್ಜಿಯ ಕಾಲದಿಂದಲೂ ಅದೇ ಉಗ್ರಾಣ. ಪೆನ್ನುಗಳನ್ನೆಲ್ಲ ಗಾಜಿನ ಜಾಡಿಯಲ್ಲಿ ಹಾಕಿ, ಮುಚ್ಚಳ ಬಿಗಿದು, ಹಿಮದಲ್ಲಿ ಹೂತಿಟ್ಟಳು. ಬಳಸುವ ಪೆನ್ನು ಕೂಡ ಚುಚ್ಚಿಕೊಂಡಾದ ಮೇಲೆ ವಾಪಸು ಅಲ್ಲಿಗೇ.

"ಪೇಟೆಯವರ ಫ್ರಿಜ್ ಕರೆಂಟ್ ಹೋದ್ರೆ ನಿಂತು ಹೋಗುತ್ತೆ. ನನ್ನ ಫ್ರಿಜ್ ದೇವರು ನಡೆಸ್ತಾನೆ," ಎಂದು ಬೀಗಿದಳು.

ಮೊದಮೊದಲು ಮೀಟರು ಒಳ್ಳೆಯ ಮಾತೇ ಆಡಿತು. ನಮ್ಮ ಮೀಟರಿನ ಲೆಕ್ಕದಲ್ಲಿ ನಾಲ್ಕಕ್ಕಿಂತ ಇಳಿಯಲೂಬಾರದು, ಹತ್ತು ದಾಟಲೂಬಾರದು. ಏಳು, ಎಂಟು, ಒಮ್ಮೆ ಆರು. ಆಮೇಲೆ ಆಕಾಶ ತಿಳಿಯಾಗಿ ರಾತ್ರಿಯ ಚಳಿ ಜೋರಾಯಿತು, ಮೀಟರು ಮೇಲಕ್ಕೆ ಓಡಿತು. ಹನ್ನೆರಡು. ಹದಿನಾಲ್ಕು. ಒಂದು ಬೆಳಿಗ್ಗೆ ಹದಿನೇಳು! ಎಜೆ ಮತ್ತೆ ಕೆಟಲು ಕೆಟಲು ಚಹಾ ಕುಡಿಯತೊಡಗಿದಳು.

ತಪ್ಪು ಯಾವುದು ಎಂದು ಎಲ್ಲರೂ ಹುಡುಕಿದೆವು. ಮಾವ ಕುಮಿಸ್ ಅಂದ. ಸರಿ, ಎಜೆ ಬಂದವರ ಜೊತೆ ಬಟ್ಟಲಿಗೆ ತುಟಿ ಸೋಕಿಸಿ ಇಳಿಸಿದಳು, ಕುಡಿಯಲಿಲ್ಲ. ಸಕ್ಕರೆ ಇಳಿಯಲಿಲ್ಲ. ಜರ್ದಾಳು ಹಣ್ಣಿನ ಪಾಕ ಬಿಟ್ಟಳು, ಎಣ್ಣೆಯಲ್ಲಿ ಕರಿದ ಬೊರ್ಸೊಕ್ ಬಿಟ್ಟಳು, ಕೊನೆಗೆ ರೊಟ್ಟಿಯನ್ನೇ ಬಿಟ್ಟಳು. ಮಾಂಸ, ಸಾರು, ಅಷ್ಟೇ. ಊಹೂಂ, ಇಳಿಯಲಿಲ್ಲ! ಸಾಲ್ಕಿನ್ ದಿನಕ್ಕೊಂದು ಸಲ ಬಂದು ಎಜೆಯ ಮುಖ ನೋಡುವಳು, ಆಮೇಲೆ ಬಿಳಿ ಕುದುರೆಯ ಮುಖ ನೋಡುವಳು.

ಗುಡ್ಡದ ಮೇಲಿಂದ ನೂರಿಪಾಗೆ ಫೋನ್ ಮಾಡಿದೆವು. ಗಾಳಿಗೆ ಅರ್ಧ ಮಾತು ಹಾರಿಹೋಗುತ್ತಿತ್ತು.

"ಮಗಳೇ, ಒಂದಕ್ಕೆ ಎರಡು ಚುಚ್ಕೊಳ್ಳಲಾ?" ಎಜೆ ಕಿರುಚಿದಳು.

"ಬೇಡ! ನೀವಾಗಿ ನೀವು ಒಂದು ಗೆರೇನೂ ಹೆಚ್ಚಿಸ್ಕೂಡದು! ಮದ್ದು ಎಲ್ಲಿಟ್ಟಿದೀರಿ?"

"ತಣ್ಣಗಿದೆ, ತಣ್ಣಗಿದೆ!"

"ಹಾಗಾದ್ರೆ ಇನ್ನೇನೋ ಇದೆ ಅಪಾ, ನಾನು ಪರೀಕ್ಷೆ ಮಾಡ್ಬೇಕು. ಶುಕ್ರವಾರದವರೆಗೆ ನೋಡೋಣ. ಆಗಲೂ ಹೀಗೇ ಇದ್ರೆ ಬಂದುಬಿಡಿ. ವಾಂತಿ, ಹೊಟ್ಟೆನೋವು ಶುರುವಾದ್ರೆ ಶುಕ್ರವಾರ ಅಂತ ಕಾಯ್ಬೇಡಿ, ಆಗಲೇ ಹೊರಟುಬಿಡಿ. ಕೊಟ್ಟ ಮಾತು ನೆನಪಿದೆ ತಾನೇ?"

ಎಜೆ ಫೋನನ್ನು ನನ್ನ ಕೈಗೆ ಕೊಟ್ಟು ಇಳಿಯತೊಡಗಿದಳು. ಕೆಳಗೆ ಕುದುರೆಮರಿಗಳನ್ನು ಉದ್ದನೆಯ ಹಗ್ಗಕ್ಕೆ ಸಾಲಾಗಿ ಕಟ್ಟಿತ್ತು, ತಾಯಿಕುದುರೆಗಳು ಸುತ್ತ ಮೇಯುತ್ತಿದ್ದವು. ಅವಳು ಅವನ್ನೇ ನೋಡುತ್ತ ನಡೆದಳು.

ಬುಧವಾರ ಬೆಳಿಗ್ಗೆ ಸಾಲ್ಕಿನ್ ಕುದುರೆಗಳ ವಿಷಯ ಮಾತಾಡಿಕೊಳ್ಳಲು ಬರುತ್ತೇನೆ ಎಂದು ಹೇಳಿ ಕಳಿಸಿದಳು. ಬರುವವಳು ಯಾರೇ ಆಗಲಿ, ಬಂದವರಿಗೆ ಮೊಟ್ಟೆ ಹುರಿದು ಕೊಡದೆ ಇರಲಾದೀತೇ? ಹಿಂದಿನ ಸಂಜೆ ಪೇಟೆಯಿಂದ ತಂದ ಮೊಟ್ಟೆಗಳನ್ನೂ ಎಜೆ ಆ ಕೊರಕಲಿನಲ್ಲೇ, ಜಾಡಿಯ ಪಕ್ಕದಲ್ಲೇ ಇಟ್ಟಿದ್ದಳು. ಮಾವ ಹೋಗಿ ತಂದ. ತಂದವನೇ ಬೈಯತೊಡಗಿದ.

"ಯಾರು ಇಟ್ಟಿದ್ದು ಇದನ್ನ? ಎಲ್ಲಾ ಒಡೆದು ಹೋಗಿದೆ!"

"ನಾನು ಹುಷಾರಾಗೇ ಇಟ್ಟಿದ್ದೆ," ಎಂದು ಎಜೆ ಒಂದು ಮೊಟ್ಟೆ ಕೈಗೆತ್ತಿಕೊಂಡಳು. ಚಿಪ್ಪು ಉದ್ದಕ್ಕೂ ಸೀಳಿತ್ತು, ಆದರೆ ಏನೂ ಸೋರಿರಲಿಲ್ಲ. ಒಳಗಿನದು ಕಲ್ಲು. ಹೆಪ್ಪುಗಟ್ಟಿ, ಉಬ್ಬಿ, ಚಿಪ್ಪನ್ನೇ ಸೀಳಿಕೊಂಡು ಹೊರಗೆ ಬಂದಿತ್ತು.

ಅವಳು ಆ ಮೊಟ್ಟೆಯನ್ನು ಹಿಡಿದು ಬೆರಳಿನಿಂದ ತಟ್ಟಿ ನೋಡಿದಳು. ಮಾವ ಬೈಯುತ್ತಲೇ ಇದ್ದ.

"ಸುಮ್ನಿರು," ಎಂದಳು ಎಜೆ. "ಮೊಟ್ಟೆಗೇ ಹೀಗಾಗಿದ್ರೆ ಅದರ ಪಕ್ಕದಲ್ಲಿರೋ ಮದ್ದಿಗೆ ಏನಾಗಿರ್ಬೇಕು?"

ನಾನು ಒಂದೇ ಉಸಿರಿಗೆ ಡೇರೆಯೊಳಕ್ಕೆ ಓಡಿ ಮದ್ದಿನ ಪೆಟ್ಟಿಗೆಯಲ್ಲಿದ್ದ ಚೀಟಿ ಬಿಡಿಸಿದೆ. ರಷ್ಯನ್ ಭಾಷೆಯ ಇರುವೆಯಂಥ ಅಕ್ಷರ, ಅಂತೂ ಸಿಕ್ಕಿತು: ಹೆಪ್ಪುಗಟ್ಟಲು ಬಿಡಬಾರದು. ಒಮ್ಮೆ ಹೆಪ್ಪುಗಟ್ಟಿದ್ದನ್ನು ಕರಗಿದ ಮೇಲೂ ಬಳಸಬಾರದು. ಮಾವ ಜಾಡಿ ತಂದ. ಪೆನ್ನುಗಳನ್ನು ಬೆಳಕಿಗೆ ಹಿಡಿದರೆ ಎರಡರೊಳಗೆ ಇನ್ನೂ ಸಣ್ಣ ಸಣ್ಣ ಮಂಜಿನ ಚೂರು! ಉಳಿದವು ಕರಗಿ ಏನೂ ಗೊತ್ತಿಲ್ಲದವರ ಹಾಗೆ ತಿಳಿಯಾಗಿ ಕೂತಿದ್ದವು. ಇಷ್ಟು ದಿನ ಎಜೆ ಚುಚ್ಚಿಕೊಂಡದ್ದರಲ್ಲಿ ಮದ್ದಿನ ಕಸುವೇ ಉಳಿದಿರಲಿಲ್ಲ.

"ಅಂದ್ರೆ ತಪ್ಪು ನನ್ನ ಮೈಯದಲ್ಲ!" ಎಂದು ಎಜೆ ಕೂಗಿದಳು. ಮುಖ ಹೇಗೆ ಅರಳಿತು ಅಂತೀರಿ! "ಕುಮಿಸ್‌ದೂ ಅಲ್ಲ! ಏಯ್, ಜೀನು ಹಾಕು ಕುದುರೆಗೆ!"

ಮಾತಿಗೆ ಬರುವ ಸಾಲ್ಕಿನ್‌ಗೆ ಶುಕ್ರವಾರ ಬಾ ಎನ್ನಲು ಮಾವನಿಗೆ ಹೇಳಿ, ಎಜೆಯೂ ನಾನೂ ಒಂದೇ ಕುದುರೆಯ ಮೇಲೆ ಗುಡ್ಡ ಹತ್ತಿದೆವು. ನೂರಿಪಾ ಮೊದಲು ಬೈದಳು, ಆಮೇಲೆ ತನ್ನನ್ನೇ ಬೈದುಕೊಂಡಳು, ಆಮೇಲೆ ನಗತೊಡಗಿದಳು.

"ತಣ್ಣಗಿಡಿ ಅಂದೆ ಅಪಾ, ಹಿಮದಲ್ಲಿ ಹೂಳಿ ಅಂದ್ನಾ?"

"ನಮ್ಮಲ್ಲಿ ತಣ್ಣಗೆ ಅಂದ್ರೆ ಹಿಮವೇ ಮಗಳೇ. ಬಿಸಿ ಅಂದ್ರೆ ಒಲೆ. ಮಧ್ಯದಲ್ಲಿ ಏನಿದೆ ಅಂತ ನೀನೇ ಹೇಳ್ಬೇಕಿತ್ತು."

"ಸರಿ, ಈಗ ಹೇಳ್ತೀನಿ. ಎಲ್ಲಾ ಬಿಸಾಕಿ. ಹೊಸದು ಕಳಿಸ್ತೀನಿ. ಮುಟ್ಟಿದ್ರೆ ತಣ್ಣಗಿರ್ಬೇಕು, ಆದ್ರೆ ಯಾವತ್ತೂ ಹೆಪ್ಪುಗಟ್ಟಬಾರದು, ಅಂಥ ಜಾಗ ಹುಡುಕಿ. ಬಳಸೋ ಪೆನ್ನು ನಿಮ್ಮ ಹತ್ರಾನೇ ಇರ್ಲಿ, ಬಿಸಿಲಿಗೆ ಹಿಡೀಬೇಡಿ ಅಷ್ಟೆ. ಡೋಸು ಮೊದಲಿನದ್ದೇ. ಹೆಚ್ಚಿಸ್ಬೇಡಿ."

ಹೊಸ ಪೆನ್ನುಗಳು ಮರುದಿನ ಓಶ್‌ಗೆ ಹೋಗುವ ಟ್ಯಾಕ್ಸಿಯಲ್ಲಿ ಬಂದವು, ಚಹಾದ ಫ್ಲಾಸ್ಕಿನೊಳಗೆ ಟವೆಲು ಸುತ್ತಿಕೊಂಡು. ಮಾವ ರಸ್ತೆಬದಿಯಲ್ಲಿ ಬೆಳಗಿನಿಂದ ಕಾದಿದ್ದ. ಚಾಲಕ ಫ್ಲಾಸ್ಕು ಕೊಟ್ಟು, ಒಂದು ಬಟ್ಟಲು ಕುಮಿಸ್ ಕುಡಿದು, ಇನ್ನೊಂದು ಕುಡಿದು, ಪ್ರಯಾಣಿಕರು ಹಾರ್ನು ಹೊಡೆಯತೊಡಗಿದ ಮೇಲೆಯೇ ಎದ್ದ.

ತಣ್ಣಗಿದ್ದೂ ಹೆಪ್ಪುಗಟ್ಟದ ಜಾಗ ಎಜೆಗೆ ಗುಡ್ಡ ಇಳಿಯುವಾಗಲೇ ಸಿಕ್ಕಿತ್ತು. ಕುಮಿಸ್ ಅತಿಯಾಗಿ ಹುಳಿಯೇರದಿರಲಿ ಎಂದು ನಾವು ಡಬ್ಬಗಳನ್ನು ಇಳಿಬಿಡುವ ಒರತೆ ಇದೆಯಲ್ಲ, ಅದರ ನೀರು ಸದಾ ಹರಿಯುತ್ತದೆ, ಚಳಿಗಾಲದಲ್ಲೂ ಹೆಪ್ಪುಗಟ್ಟುವುದಿಲ್ಲ. ನೀರು ನುಗ್ಗದ ಹಾಗೆ ಜಾಡಿಯನ್ನು ಬಿಗಿಯಾಗಿ ಮುಚ್ಚಿ, ಕುದುರೆಕೂದಲಿನ ಹಗ್ಗ ಕಟ್ಟಿ, ಕಲ್ಲಿನ ಸಂದಿಯಲ್ಲಿ ಇಳಿಬಿಟ್ಟಳು. ಬಳಸುವ ಪೆನ್ನಿಗೆ ಉಣ್ಣೆಯ ಒಂದು ಚೀಲ ಹೊಲಿದು ಕೊರಳಿಗೆ ಹಾಕಿಕೊಂಡಳು. ಮಲಗುವಾಗ ಅದೂ ಅವಳ ಜೊತೆ ಕಂಬಳಿಯೊಳಗೆ.

"ನನಗೆ ಜಾಗ ಬೇಡ್ವಾ?" ಎಂದ ಮಾವ.

"ನೀನು ಹೆಪ್ಪುಗಟ್ಟಿದ್ರೂ ಕರಗಿಸಿ ಬಳಸ್ಬಹುದು," ಎಂದಳು ಎಜೆ.

ಶುಕ್ರವಾರ ಬೆಳಿಗ್ಗೆ ಮೀಟರು ಒಂಬತ್ತು ತೋರಿಸಿತು. ಎಜೆ ಚುಚ್ಚಿಕೊಂಡಳು, ಎಂದಿನ ಹಾಗೆ ಮಾಂಸ ತಿಂದು ಸಾರು ಕುಡಿದಳು, ರೊಟ್ಟಿ ಮುಟ್ಟಲಿಲ್ಲ. ಇಷ್ಟು ದಿನ ಬಿಟ್ಟದ್ದು ಅಭ್ಯಾಸವಾಗಿತ್ತು, ಮತ್ತೆ ತಿನ್ನಬೇಕೆಂದು ನಮಗ್ಯಾರಿಗೂ ಹೊಳೆಯಲಿಲ್ಲ. ಹಾಲು ಕರೆಯುವ ಹೊತ್ತಿಗೆ ಸಾಲ್ಕಿನ್ ಬಂದೇ ಬಂದಳು, ಹೆಗಲ ಮೇಲೆ ಹೊಸ ಹಗ್ಗ!

"ಇವತ್ತು ಶುಕ್ರವಾರ ಕಣೆ ಉಮ್ಸುನಾಯ್."

"ಗೊತ್ತು. ಹಾಲು ಕರೆದು ಗುಡ್ಡ ಹತ್ತಿ ಡಾಕ್ಟರಿಗೆ ಫೋನ್ ಮಾಡ್ತೀನಿ. ಅಲ್ಲೀತನಕ ಕೂತಿರು."

ನಾನು ಬಿಳಿ ಕುದುರೆಯ ಮರಿಯನ್ನು ತಂದು ತಾಯಿಯ ಹಾಲು ಒಂದು ಗುಟುಕು ಕುಡಿಯಲು ಬಿಟ್ಟು ಎಳೆದು ಹಿಡಿದೆ. ಎಜೆ ಒಂದು ಮಂಡಿಯೂರಿ, ಇನ್ನೊಂದು ಮಂಡಿಯ ಮೇಲೆ ಬಕೆಟಿಟ್ಟು ಕರೆಯತೊಡಗಿದಳು. ಅರ್ಧ ಬಕೆಟ್ಟೂ ಆಗಿರಲಿಲ್ಲ, ಹಾಲಿನ ಸದ್ದು ತಪ್ಪಿತು. ನೋಡಿದರೆ ಎಜೆಯ ಹಣೆಯ ಮೇಲೆ ದಪ್ಪ ದಪ್ಪ ಬೆವರು, ಬೆರಳು ನಡುಗುತ್ತಿವೆ, ಬಕೆಟ್ಟು ವಾಲುತ್ತಿದೆ.

"ನೋಡು, ನೋಡು! ನಾನು ಹೇಳ್ಲಿಲ್ವಾ?" ಸಾಲ್ಕಿನ್ ಎದ್ದು ಬಂದಳು, ದನಿಯಲ್ಲಿ ನಿಜವಾದ ಗಾಬರಿ. "ಬಿದ್ದು ಹೋಗ್ತಾಳೆ! ಸಾಕು ಕಣೆ, ಕುದುರೆಗಾಗಿ ಜೀವ ಕೊಡ್ತೀಯಾ? ಕೆಳಗೆ ಹೋಗು ತಾಯಿ!"

ಎಜೆ ಬಕೆಟ್ಟನ್ನು ಜೋಪಾನವಾಗಿ ನೆಲಕ್ಕಿಟ್ಟಳು, ಜೇಬಿಗೆ ಕೈ ಹಾಕಿದಳು, ಸಕ್ಕರೆಯ ಗಟ್ಟಿಗಳನ್ನು ಒಂದರ ಹಿಂದೊಂದು ಬಾಯಿಗೆ ಹಾಕಿ ಕಟಕಟ ಕಡಿದಳು. ಆಮೇಲೆ ಬಕೆಟ್ಟಿನಲ್ಲಿದ್ದ ಆಗಷ್ಟೇ ಕರೆದ ಸಿಹಿಹಾಲನ್ನು ಬಟ್ಟಲಲ್ಲಿ ತುಂಬಿ ಕುಡಿದಳು. ನಾನು ಅವಳ ಬೆರಳು ಚುಚ್ಚಿ ಮೀಟರಿಗೆ ಹಿಡಿದೆ.

ಮೂರು!

"ಎಷ್ಟು?" ಎಂದಳು ಎಜೆ.

"ಮೂರು, ಎಜೆ."

ಅವಳು ನಗತೊಡಗಿದಳು. ಬಾಯಿತುಂಬ ಸಕ್ಕರೆ, ಮುಖವೆಲ್ಲ ಬೆವರು, ಹುಲ್ಲಿನ ಮೇಲೆ ಕಾಲು ಚಾಚಿ ಕೂತು ನಗುತ್ತಿದ್ದಾಳೆ!

"ಇವಳಿಗೆ ಬುದ್ಧಿ ಕೆಟ್ಟಿದೆ," ಎಂದಳು ಸಾಲ್ಕಿನ್.

"ಬೀಳ್ತಿರೋದು ನಾನಲ್ಲ ಕಣೆ, ಸಕ್ಕರೆ! ಹದಿನೇಳರಲ್ಲಿದ್ದಿದ್ದು ಮೂರಕ್ಕೆ ಬಂದಿದೆ. ಮದ್ದಿಗೆ ಜೀವ ಇದೆ! ಹೊಟ್ಟೇಲಿ ರೊಟ್ಟಿ ಇರ್ಲಿಲ್ಲ, ಅದಕ್ಕೇ ನನ್ನನ್ನೇ ತಿನ್ನೋಕೆ ಬಂತು. ಲೇ, ರೊಟ್ಟಿ ತಗೊಂಬಾರೇ!"

ನಾನು ರೊಟ್ಟಿ ತಂದೆ. ಎಜೆ ಮುರಿದು ತಿಂದಳು, ಅರ್ಧ ಸಾಲ್ಕಿನ್ ಕೈಗೆ ಕೊಟ್ಟಳು. ಸಾಲ್ಕಿನ್‌ಗೆ ತಿನ್ನುವುದೋ ಬೈಯುವುದೋ ತಿಳಿಯಲಿಲ್ಲ, ಎರಡನ್ನೂ ಮಾಡಿದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬೆರಳು ಚುಚ್ಚಿದೆ. ಆರು. ಕೈ ನಡುಕ ನಿಂತಿತ್ತು. ಆಗ ನಾನೊಬ್ಬಳೇ ಗುಡ್ಡಕ್ಕೆ ಕುದುರೆ ಓಡಿಸಿದೆ.

ನೂರಿಪಾ ಎಲ್ಲವನ್ನೂ ಕೇಳಿಸಿಕೊಂಡಳು. "ಊಟದ ಮದ್ದು ಚುಚ್ಕೊಂಡು ರೊಟ್ಟಿ ಬಿಡೋದು ಅಂದ್ರೇನು! ಪ್ರತಿ ಊಟಕ್ಕೂ ರೊಟ್ಟಿ ತಿನ್ಲೇಬೇಕು ಅಂತ ಹೇಳು. ಹಾಲು ಕರೆಯೋಕೆ ಹೋಗೋ ಮುಂಚೆ ಒಂದ್ಸಲ ಬೆರಳು ಚುಚ್ಚಿ ನೋಡ್ಲಿ. ಇವತ್ತಿಂದ ಊಟದ ಮದ್ದಲ್ಲಿ ಎರಡು ಗೆರೆ ಕಡಿಮೆ, ನಾಳೆ ಮತ್ತೆ ಫೋನ್ ಮಾಡಿ." ಆಮೇಲೆ ತಾನೇ ವಿಚಾರಿಸಿದಳು, "ಕುದುರೆಗಳನ್ನ ಕೊಟ್ಟುಬಿಟ್ರಾ?"

"ಇನ್ನೂ ಇಲ್ಲ. ಹಗ್ಗ ಹಿಡ್ಕೊಂಡು ಬಂದು ಕೂತಿದಾರೆ."

"ಕೊಡ್ಬೇಡಿ ಅನ್ನು. ಅಪಾ ಮೇಲೇ ಇರ್ಲಿ."

ಆ ಇಳಿಜಾರಿನಲ್ಲಿ ನಾನು ಹೇಗೆ ಇಳಿದೆನೋ ನನಗೇ ಗೊತ್ತಿಲ್ಲ, ದೂರದಿಂದಲೇ ಕೂಗುತ್ತ ಬಂದೆ. ಆದರೆ ಕೆಳಗೆ ನನಗಾಗಿ ಯಾರೂ ಕಾದಿರಲಿಲ್ಲ. ಹಾಲು ತುಂಬಿದ ಕುದುರೆಗಳು ಡಾಕ್ಟರ ಅಪ್ಪಣೆಗೆ ಕಾಯುತ್ತವೆಯೇ? ಎಜೆ ಮತ್ತೆ ಮಂಡಿಯೂರಿ ಕೂತಿದ್ದಳು. ಮರಿ ಹಿಡಿಯುವವರು ಯಾರೂ ಇಲ್ಲದ್ದರಿಂದ ಸಾಲ್ಕಿನ್ ಅದರ ಕೊರಳನ್ನು ಎರಡೂ ಕೈಯಿಂದ ತಬ್ಬಿ ನಿಂತಿದ್ದಳು, ಮರಿ ಅವಳ ತಲೆವಸ್ತ್ರ ಎಳೆಯುತ್ತಿತ್ತು.

"ಇರಬಹುದಂತೆ!" ಎಂದೆ ಏದುಸಿರು ಬಿಡುತ್ತ.

"ಕೇಳಿಸ್ತು, ಕಣಿವೆಗೆಲ್ಲ ಕೇಳಿಸ್ತು," ಎಂದಳು ಎಜೆ ತಲೆಯೆತ್ತದೆ. ಹಾಲು ಬಕೆಟ್ಟಿಗೆ ಎಡೆಬಿಡದೆ ಸುರಿಯುತ್ತಿತ್ತು. "ಸಾಲ್ಕಿನ್, ಬಿಗಿಯಾಗಿ ಹಿಡಿಯೇ, ಮರಿ ಅಲ್ಲಾಡಿದ್ರೆ ತಾಯಿ ಹಾಲು ಕಟ್ಕೋತಾಳೆ."

"ನನಗೆ ಹೇಳಿಕೊಡ್ತೀಯಾ? ನೀನು ಹುಟ್ಟೋಕೆ ಮುಂಚಿಂದ ಮರಿ ಹಿಡೀತಿದೀನಿ."

"ನೀನು ನನಗಿಂತ ಚಿಕ್ಕವಳು ಕಣೆ."

"ಮುಖ ನೋಡಿದ್ರೆ ಹಾಗೆ ಕಾಣಲ್ಲ," ಎಂದಳು ಸಾಲ್ಕಿನ್, ಮರಿಯನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡು. "ಬೇಗ ಮುಗಿಸು. ನನ್ನ ಕುದುರೆಗಳೂ ಕಾಯ್ತಿವೆ."